ಒಟ್ಟಿ, ಪುಟ್ಟು ಬಿಟ್ಟು ಬರೀ ಪಂದಿ ಕರಿ, ಬೆಣ್ಣೆ ತಿಂದರೆ ಸಕ್ಕರೆ ಇಳಿಯುತ್ತದಾ?

ಪ್ರಶ್ನೆ: ಮೇಡಂ, ನನಗೆ 49 ವರ್ಷ. ಕೊಡಗಿನ ಪೊನ್ನಂಪೇಟೆ ಹತ್ತಿರ ನಮ್ಮ ಮನೆ, ಕಾಫಿ ತೋಟ ಇದೆ. ಎತ್ತರ 157 ಸೆಂ.ಮೀ., ತೂಕ 74 ಕೆ.ಜಿ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗ್ಲಿಮೆಪಿರೈಡ್, ಎರಡು ಹೊತ್ತು ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತೇನೆ. ಹೋದ ತಿಂಗಳು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.1 ಬಂತು. ಬೆಂಗಳೂರಿನಲ್ಲಿರುವ ಅಣ್ಣನ ಮಗ ಲೋ ಕಾರ್ಬ್ ಹೈ ಫ್ಯಾಟ್, ಅಂದರೆ ಅನ್ನದಂಥ ಪಿಷ್ಟ, ಸಕ್ಕರೆ ಕಮ್ಮಿ, ಕೊಬ್ಬು ಜಾಸ್ತಿ ತಿನ್ನುವ ಡಯಟ್ ಮಾಡಿ ಸಣ್ಣ ಆಗಿದ್ದಾನೆ. ಅವನು ಹೇಳಿದ ಹಾಗೆ ಎಂಟು ದಿನದಿಂದ ಅನ್ನ, ಒಟ್ಟಿ (ಅಕ್ಕಿ ರೊಟ್ಟಿ), ಪುಟ್ಟು (ಅಕ್ಕಿ ಕಡುಬು) ಎಲ್ಲ ನಿಲ್ಲಿಸಿದ್ದೇನೆ. ಮೊಟ್ಟೆ, ಪಂದಿ ಕರಿ (ಹಂದಿ ಮಾಂಸದ ಸಾರು), ಬೆಣ್ಣೆ ಹಾಕಿದ ಕಾಫಿ, ಇಷ್ಟೇ. ಎರಡು ಕೆ.ಜಿ. ಇಳಿದಿದೆ. ಆದರೆ ಹನ್ನೊಂದು ಗಂಟೆ ಹೊತ್ತಿಗೆ ತೋಟದಲ್ಲಿ ಕೈ ನಡುಗುತ್ತದೆ, ಬೆವರುತ್ತದೆ. ಬಗ್ಗಿ ಎದ್ದರೆ ತಲೆ ಸುತ್ತುತ್ತದೆ. ಇಷ್ಟು ಕೊಬ್ಬು ತಿಂದರೆ ಹಾರ್ಟ್ ಹಾಳಾಗುತ್ತದೆ ಅಂತ ನಮ್ಮ ಅತ್ತೆ ಬೈಯುತ್ತಾರೆ. ಮುಂದುವರಿಸಲಾ, ಬಿಡಲಾ? ನಮ್ಮ ಯಜಮಾನರಿಗೆ ಸಕ್ಕರೆ ಇಲ್ಲ, ತೆಳ್ಳಗೇ ಇದ್ದಾರೆ. ಅವರೂ ಮಾಡಬಹುದಾ?

ಉತ್ತರ: ಡಯಟ್ ವಿಷಯ ಆಮೇಲೆ ಮಾತಾಡೋಣ. ಮೊದಲು ಆ ಹನ್ನೊಂದು ಗಂಟೆಯ ನಡುಕ. ಇದನ್ನು ಓದಿದ ದಿನವೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.

ನೀವು ಬೆಳಿಗ್ಗೆ ನುಂಗುವ ಗ್ಲಿಮೆಪಿರೈಡ್ ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ಬಿಡಿಸುವ ಮಾತ್ರೆ. ನೀವು ಒಟ್ಟಿ ತಿಂದಿದ್ದೀರಾ, ಮೊಟ್ಟೆ ತಿಂದಿದ್ದೀರಾ ಅಂತ ಅದು ನೋಡುವುದಿಲ್ಲ. ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಒಟ್ಟಿ, ಅನ್ನ ತಿನ್ನುತ್ತಿದ್ದಾಗ ಲೆಕ್ಕ ಹಾಕಿ ಕೊಟ್ಟ ಡೋಸ್ ಅದು. ಈಗ ಒಟ್ಟಿ ಇಲ್ಲ, ಡೋಸ್ ಮಾತ್ರ ಹಾಗೇ ಇದೆ. ಅದರ ಮೇಲೆ ತೋಟದ ಕೆಲಸ, ಏರು ಇಳಿಜಾರು ಓಡಾಟ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋದಾಗ ಆಗುವುದೇ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ಇದ್ದಕ್ಕಿದ್ದ ಹಾಗೆ ಹಸಿವು. ಇನ್ನೂ ಇಳಿದರೆ ಮಾತು ತೊದಲುತ್ತದೆ, ಪ್ರಜ್ಞೆಯೂ ತಪ್ಪಬಹುದು. ತೋಟದ ಮಧ್ಯೆ, ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿ ಹಾಗಾದರೆ ಏನು ಗತಿ ಹೇಳಿ.

ಇನ್ನು ಮುಂದೆ ನಡುಕ ಬಂದ ತಕ್ಷಣ ಕೂತುಕೊಳ್ಳಿ. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಿ. ಇನ್ನೂ 70 ದಾಟಿಲ್ಲ ಅಂದರೆ ಮತ್ತೆ ಅಷ್ಟೇ ಕುಡಿಯಿರಿ. ಆ ಹೊತ್ತಿನಲ್ಲಿ ಬೆಣ್ಣೆ, ಮೊಟ್ಟೆ, ಚಾಕೊಲೇಟ್ ಕೆಲಸಕ್ಕೆ ಬರುವುದಿಲ್ಲ. ಕೊಬ್ಬು ಇದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಗ್ಲೂಕೋಸ್ ಪೊಟ್ಟಣ ತೋಟಕ್ಕೆ ಹೋಗುವ ಚೀಲದಲ್ಲೇ ಇರಲಿ. ಜೊತೆಗೆ ಕೆಲಸ ಮಾಡುವವರಿಗೂ ಈ ವಿಷಯ ಹೇಳಿಡಿ.

ಬಗ್ಗಿ ಎದ್ದಾಗ ತಲೆ ಸುತ್ತುವುದಕ್ಕೆ ಕಾರಣ ಬೇರೆ ಇರಬಹುದು. ಕಾರ್ಬ್ ಕಡಿಮೆಯಾದಾಗ ದೇಹದಲ್ಲಿ ಇನ್ಸುಲಿನ್ ಮಟ್ಟ ಇಳಿಯುತ್ತದೆ. ಆಗ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಜಾಸ್ತಿ ಹೊರಗೆ ಹಾಕುತ್ತದೆ. ಬಿಪಿ ತಾನಾಗೇ ಸ್ವಲ್ಪ ಇಳಿಯುತ್ತದೆ. ಅದರ ಮೇಲೆ ಟೆಲ್ಮಿಸಾರ್ಟನ್ ಕೂಡ ಬಿಪಿ ಇಳಿಸುತ್ತದೆ. ಮನೆಯಲ್ಲಿ ಬಿಪಿ ಮಷೀನ್ ಇದ್ದರೆ ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಿ ಬರೆದಿಡಿ. ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಗ್ಲಿಮೆಪಿರೈಡ್ ಕಡಿಮೆ ಮಾಡಬೇಕಾ, ನಿಲ್ಲಿಸಬೇಕಾ, ಬಿಪಿ ಮಾತ್ರೆ ಅರ್ಧ ಮಾಡಬೇಕಾ ಅಂತ ಅವರು ತೀರ್ಮಾನಿಸುತ್ತಾರೆ. ಅವರ ಜೊತೆ ಮಾತಾಡುವವರೆಗೆ ಬೆಳಿಗ್ಗೆ ಒಂದೆರಡು ಒಟ್ಟಿ ತಿಂದೇ ತೋಟಕ್ಕೆ ಹೋಗಿ. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಹೀಗೆ ಬೀಳುವುದು ತೀರಾ ಅಪರೂಪ. ಅದರ ಬಗ್ಗೆ ಗಾಬರಿ ಬೇಡ.

ಇನ್ನೊಂದು ವಿಷಯ. ಇಂಥ ಡಯಟ್ ಮಾಡುವಾಗ ಉಪ್ಪು, ಪೊಟ್ಯಾಸಿಯಂ ಜಾಸ್ತಿ ತೆಗೆದುಕೊಳ್ಳಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪನ್ನೂ ತೋರಿಸುತ್ತಾರೆ. ಆ ಉಪ್ಪಿನಲ್ಲಿ ಸೋಡಿಯಂ ಸ್ವಲ್ಪ ಕಡಿಮೆ ಮಾಡಿ ಅದರ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಟೆಲ್ಮಿಸಾರ್ಟನ್ ತಾನೇ ಪೊಟ್ಯಾಸಿಯಂ ಮಟ್ಟವನ್ನು ಏರಿಸುವ ಮಾತ್ರೆ. ಎರಡೂ ಸೇರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ನೀವು ಅದನ್ನು ಮುಟ್ಟಬೇಡಿ. ಅಣ್ಣನ ಮಗ ತೆಗೆದುಕೊಂಡಿರಬಹುದು, ಅವನಿಗೆ ಏನೂ ಆಗದೇ ಇರಬಹುದು. ಅವನಿಗೆ ವಯಸ್ಸು ಕಮ್ಮಿ, ಬಿಪಿ ಮಾತ್ರೆಯೂ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕಾರ್ಬ್ ಕಡಿಮೆ ಮಾಡುವ ನಿಮ್ಮ ಯೋಚನೆ ಸರಿ. ಅದನ್ನು ಬಿಡಬೇಡಿ. ಎಂಟು ದಿನದಲ್ಲಿ ಸೊನ್ನೆಗೆ ಇಳಿಸಿದ್ದು, ಅದರ ಜಾಗಕ್ಕೆ ಬೆಣ್ಣೆ ತಂದಿದ್ದು, ಈ ಎರಡನ್ನು ತಿದ್ದೋಣ.

ನೀವು ಮೊದಲು ದಿನಕ್ಕೆ ಎಷ್ಟು ಕಾರ್ಬ್ ತಿನ್ನುತ್ತಿದ್ದಿರಿ ಅಂತ ಒಂದು ಅಂದಾಜು ಹಾಕಿ ನೋಡೋಣ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್ ಇದೆ. ಬೇಯಿಸಿದ ಅನ್ನಕ್ಕೆ ಬಂದರೆ 100 ಗ್ರಾಂಗೆ 28ರ ಹತ್ತಿರ. ಮಧ್ಯಮ ಗಾತ್ರದ ಒಂದು ಅಕ್ಕಿ ಒಟ್ಟಿ ಅಂದರೆ 25ರಿಂದ 30 ಗ್ರಾಂ. ಬೆಳಿಗ್ಗೆ ಮೂರು ಒಟ್ಟಿಗೆ 80 ಆಯಿತು. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡ ಅನ್ನ 300 ಗ್ರಾಂ ಅಂದುಕೊಂಡರೆ ಇನ್ನೊಂದು 84. ರಾತ್ರಿ ನೂಪುಟ್ಟೋ (ಅಕ್ಕಿ ಶಾವಿಗೆ) ಕಡಂಬುಟ್ಟೋ (ಅಕ್ಕಿ ತರಿಯ ಉಂಡೆ), ಅಲ್ಲೊಂದು 80. ದಿನಕ್ಕೆ ನಾಲ್ಕು ಲೋಟ ಬೆಲ್ಲದ ಕಾಪಿ ಕುಡಿದರೆ 30, 35 ಗ್ರಾಂ ಅದರಲ್ಲೇ ಹೋಯಿತು. ಒಟ್ಟು 280 ಗ್ರಾಂ ಆಗುತ್ತದೆ. ನಮ್ಮ ಕಡೆ ಇದು ಯಾರೂ ಹುಬ್ಬೇರಿಸುವ ಊಟ ಅಲ್ಲ. ಇದು ಕೊಡಗಿನ ಕಥೆ ಮಾತ್ರವೂ ಅಲ್ಲ. 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅನ್ನುವ, ದೇಶದಾದ್ಯಂತ ನಡೆದ ಸಕ್ಕರೆ ಕಾಯಿಲೆ ಅಧ್ಯಯನದ ಪ್ರಕಾರ ಭಾರತೀಯರ ಊಟದ ಕ್ಯಾಲೊರಿಯಲ್ಲಿ ಸುಮಾರು ಶೇ 62 ಬರುವುದು ಕಾರ್ಬಿನಿಂದ. ಅದರಲ್ಲಿ ಬಹುಪಾಲು ಪಾಲಿಶ್ ಮಾಡಿದ ಅಕ್ಕಿ, ನುಣ್ಣಗೆ ಬೀಸಿದ ಹಿಟ್ಟು, ಸಕ್ಕರೆ. ಅದರಲ್ಲಿ ಸ್ವಲ್ಪ ಭಾಗವನ್ನು ಬೇಳೆ, ಕಾಳು, ಹಾಲಿನ ಪ್ರೋಟೀನಿಗೆ ಬದಲಾಯಿಸಿಕೊಂಡರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗುವಂತೆ ಕಾಣುತ್ತದೆ ಅಂತಲೂ ಅದೇ ಅಧ್ಯಯನ ಹೇಳಿತು.

ಸಕ್ಕರೆ ಕಾಯಿಲೆ ಇರುವವರ ದೇಹ ಇಷ್ಟು ಕಾರ್ಬ್ ತಡೆದುಕೊಳ್ಳುವುದಿಲ್ಲ. ತಿಂದಿದ್ದು ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಇನ್ಸುಲಿನ್ ಇದ್ದರೂ ಸ್ನಾಯು ಅದನ್ನು ಸರಿಯಾಗಿ ಒಳಗೆ ಎಳೆದುಕೊಳ್ಳುವುದಿಲ್ಲ. ಹೆಚ್ಚಾದದ್ದನ್ನು ಯಕೃತ್ತು ಕೊಬ್ಬು ಮಾಡಿ ತನ್ನೊಳಗೇ ತುಂಬಿಸಿಕೊಳ್ಳುತ್ತದೆ. ಫ್ಯಾಟಿ ಲಿವರ್ ಅಂತ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಬರುವುದು ಅದೇ. ಪಂದಿ ಕೊಬ್ಬು ತಿಂದಿದ್ದಕ್ಕೆ ಬಂತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕೊಬ್ಬಿನ ಪಾಲೂ ಇದೆ, ನಿಜ. ಆದರೆ ಮಾಂಸ ಮುಟ್ಟದ ಮನೆಗಳಲ್ಲೂ ಫ್ಯಾಟಿ ಲಿವರ್ ಇದೆಯಲ್ಲ, ಅಲ್ಲಿ ಅನ್ನ ಮತ್ತು ಸಿಹಿಯ ಪಾಲು ದೊಡ್ಡದು.

ಹಾಗಾದರೆ ಕಾರ್ಬ್ ಕಡಿಮೆ ಮಾಡಿದರೆ ಫಲ ಸಿಗುತ್ತದಾ? ಸಿಗುತ್ತದೆ. 2021ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆ 23 ಪ್ರಯೋಗಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ ಪ್ರಕಟಿಸಿತು. ಆರು ತಿಂಗಳು ಕಡಿಮೆ ಕಾರ್ಬ್ ತಿಂದ ಟೈಪ್ 2 ಸಕ್ಕರೆ ರೋಗಿಗಳಲ್ಲಿ ಶೇ 57 ಜನರ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಬಂದಿತ್ತು. ಬೇರೆ ಥರದ ಡಯಟ್ ಮಾಡಿದವರಲ್ಲಿ ಶೇ 31. ದೊಡ್ಡ ವ್ಯತ್ಯಾಸವೇ. ಆದರೆ ಒಂದು ವರ್ಷ ಆಗುವಷ್ಟರಲ್ಲಿ ಆ ವ್ಯತ್ಯಾಸ ಕರಗುತ್ತಾ ಬಂತು. ತೂಕದ ವಿಷಯದಲ್ಲಿ 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗವೂ ಇದೆ. 609 ಜನರಲ್ಲಿ ಕೆಲವರಿಗೆ ಕಡಿಮೆ ಕೊಬ್ಬಿನ ಊಟ, ಕೆಲವರಿಗೆ ಕಡಿಮೆ ಕಾರ್ಬಿನ ಊಟ ಹೇಳಿದರು. ಎರಡು ಗುಂಪಿಗೂ ಮೈದಾ, ಸಕ್ಕರೆ ಬಿಟ್ಟು ತರಕಾರಿ ಜಾಸ್ತಿ ತಿನ್ನಲು ಹೇಳಿದ್ದರು. ವರ್ಷದ ಕೊನೆಗೆ ಒಂದು ಗುಂಪು 5.3 ಕೆ.ಜಿ., ಇನ್ನೊಂದು 6 ಕೆ.ಜಿ. ಇಳಿದಿತ್ತು. ಹೆಚ್ಚುಕಮ್ಮಿ ಒಂದೇ.

ಇದರಿಂದ ನನಗೆ ಅನ್ನಿಸುವುದು ಇಷ್ಟು. ಕಾರ್ಬ್ ಕಡಿಮೆ ಮಾಡುವುದು ನಿಜವಾಗಿ ಕೆಲಸ ಮಾಡುವ ದಾರಿ, ಸಕ್ಕರೆ ಇರುವವರಿಗಂತೂ ಒಳ್ಳೆಯ ದಾರಿ. ಆದರೆ ವರ್ಷಗಟ್ಟಲೆ ಮಾಡಲು ಆಗದಷ್ಟು ಬಿಗಿ ಮಾಡಿಕೊಂಡರೆ ನಿಲ್ಲುವುದಿಲ್ಲ. ದಿನಕ್ಕೆ 20ರಿಂದ 50 ಗ್ರಾಂ ಕಾರ್ಬ್ ಮಾತ್ರ ತಿನ್ನುವುದನ್ನು ಕೀಟೋ ಅನ್ನುತ್ತಾರೆ. ಮೂರ್ಛೆ ರೋಗ ಇರುವ ಮಕ್ಕಳಿಗೆ ಆಸ್ಪತ್ರೆಯಲ್ಲಿ ಕೊಡಲು 1921ರಲ್ಲಿ ರೂಪಿಸಿದ ಪಥ್ಯ ಅದು. ಇವತ್ತಿಗೂ ಆ ಕಾಯಿಲೆಗೆ ಅದನ್ನು ಡಾಕ್ಟರ ನಿಗಾದಲ್ಲೇ ಕೊಡುತ್ತಾರೆ. ನಿಮ್ಮ ಅಣ್ಣನ ಮಗ ಹೇಳಿದ್ದೂ ಹೆಚ್ಚುಕಮ್ಮಿ ಅದೇ. ನಿಮಗೆ ನಾನು ಹೇಳುವುದು ದಿನಕ್ಕೆ 100ರಿಂದ 130 ಗ್ರಾಂ. ಇದನ್ನೂ ಕಡಿಮೆ ಕಾರ್ಬ್ ಊಟ ಅಂತಲೇ ಲೆಕ್ಕ ಹಿಡಿಯುತ್ತಾರೆ. 280ರಿಂದ 120ಕ್ಕೆ ಬಂದರೆ ಅರ್ಧಕ್ಕಿಂತ ಜಾಸ್ತಿ ಇಳಿಸಿದ ಹಾಗಾಯಿತು. ಪುತ್ತರಿ ಸುಗ್ಗಿ ಹಬ್ಬಕ್ಕೆ ತಂಬುಟ್ಟು ಸಿಹಿ ತಿನ್ನಲು ಅದರಲ್ಲಿ ಜಾಗ ಇರುತ್ತದೆ. ಕೀಟೋದಲ್ಲಿ ಇರುವುದಿಲ್ಲ.

ಅಂದ ಹಾಗೆ, ಇಳಿದ ಆ ಎರಡು ಕೆ.ಜಿ. ಬಗ್ಗೆ. ಸಂತೋಷ ಪಡಿ, ಆದರೆ ಅದರಲ್ಲಿ ಬಹುಪಾಲು ಕೊಬ್ಬು ಕರಗಿದ್ದಲ್ಲ. ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ ಗ್ಲೂಕೋಸನ್ನು ಗ್ಲೈಕೋಜನ್ ಮಾಡಿ ಇಟ್ಟುಕೊಂಡಿರುತ್ತೇವೆ. ಒಂದೊಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಮೊದಲ ವಾರ ಆ ದಾಸ್ತಾನು ಖಾಲಿಯಾಗುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಒಂದು ಮದುವೆ ಊಟ ಮಾಡಿದರೆ ಅದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ಆಗ ಬೇಜಾರಾಗಿ ಎಲ್ಲ ಬಿಟ್ಟುಬಿಡುವವರನ್ನು ಜಾಸ್ತಿ ನೋಡಿದ್ದೇನೆ. ತೂಕಕ್ಕಿಂತ ಟೇಪ್ ಹಿಡಿದು ಹೊಟ್ಟೆಯ ಸುತ್ತಳತೆ ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಒಳಗೆ ಇರಬೇಕು. ತೂಕ 74ರಿಂದ 68, 69ಕ್ಕೆ ನಿಧಾನಕ್ಕೆ ಬಂದರೂ ನಿಮ್ಮ ಸಕ್ಕರೆಯಲ್ಲಿ ಒಳ್ಳೆಯ ಬದಲಾವಣೆ ಕಾಣುತ್ತದೆ.

ಈಗ ಕೊಬ್ಬಿನ ವಿಷಯ. ಇಲ್ಲಿ ನಾನು ನಿಮ್ಮ ಅತ್ತೆಯ ಕಡೆ ಅರ್ಧ, ನಿಮ್ಮ ಕಡೆ ಅರ್ಧ.

ಹೈ ಫ್ಯಾಟ್ ಅನ್ನುವ ಮಾತು ಹುಟ್ಟಿದ್ದು ಕೊಬ್ಬಿಗೆ ಹೆದರಿ ಬ್ರೆಡ್ಡು, ಸಕ್ಕರೆ ತಿನ್ನುತ್ತಿದ್ದ ದೇಶಗಳಲ್ಲಿ. ಕೊಡಗಿನವರಿಗೆ ಕೊಬ್ಬು ಜಾಸ್ತಿ ತಿನ್ನಿ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಪಂದಿ ಕರಿಗೆ ನಾವು ಎಣ್ಣೆಯನ್ನೇ ಹಾಕುವುದಿಲ್ಲ, ಮಾಂಸದ ಕೊಬ್ಬಿನಲ್ಲೇ ಅದು ಬೇಯುತ್ತದೆ. ಸಕ್ಕರೆ ಇಳಿಸುವುದು ಕಾರ್ಬ್ ಕಡಿಮೆ ಮಾಡಿದ್ದು. ಕೊಬ್ಬು ಸಕ್ಕರೆ ಇಳಿಸುವುದಿಲ್ಲ. ಅದು ಹೊಟ್ಟೆ ತುಂಬಿದ ಹಾಗೆ ಮಾಡುತ್ತದೆ, ರುಚಿ ಕೊಡುತ್ತದೆ, ಅಷ್ಟೇ. ಕಾಫಿಗೆ ಒಂದು ಉಂಡೆ ಬೆಣ್ಣೆ ಹಾಕಿ ಕುಡಿದರೆ ಸಿಗುವುದು ಕ್ಯಾಲೊರಿ ಮಾತ್ರ, ಪ್ರೋಟೀನ್ ಇಲ್ಲ, ನಾರಿನಂಶ ಇಲ್ಲ. ನಮ್ಮ ಊರಿನ ಇಷ್ಟು ಚೆನ್ನಾದ ಕಾಫಿಗೆ ಬೆಣ್ಣೆ ಯಾಕೆ ಬೇಕು? ಅದನ್ನು ಇವತ್ತೇ ನಿಲ್ಲಿಸಿ. ಬೆಲ್ಲವನ್ನೂ ವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬನ್ನಿ. ಬೆಲ್ಲವಾಗಲಿ, ತೋಟದ ಜೇನಾಗಲಿ, ರಕ್ತಕ್ಕೆ ಹೋದ ಮೇಲೆ ಸಕ್ಕರೆಯೇ.

ಪಂದಿ ಕೊಬ್ಬಿನಲ್ಲಿ ಸುಮಾರು ಶೇ 40 ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವಂಥದ್ದು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕಡಲೆಕಾಯಿ ಎಣ್ಣೆಯಲ್ಲಿ ಇರುವಂಥದ್ದೇ ಮೋನೋ ಅನ್‌ಸ್ಯಾಚುರೇಟೆಡ್. ಬೆಣ್ಣೆಯಲ್ಲಿ, ತೆಂಗಿನ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಅಂಶ ಇದಕ್ಕಿಂತ ಜಾಸ್ತಿ. ಹಾಗಾಗಿ ಪಂದಿಯನ್ನು ರಾಕ್ಷಸನ ಹಾಗೆ ನೋಡುವುದು ಬೇಡ. ಆದರೆ ಕಾರ್ಬ್ ಕಡಿಮೆ ಮಾಡಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ತಿಂದಾಗ ಎರಡು ಥರದ ಬದಲಾವಣೆ ಒಟ್ಟಿಗೇ ಆಗಬಹುದು. ರಕ್ತದಲ್ಲಿರುವ ಕೊಬ್ಬು ಟ್ರೈಗ್ಲಿಸರೈಡ್ ಇಳಿಯುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಸ್ವಲ್ಪ ಏರುತ್ತದೆ. ಇದು ಒಳ್ಳೆಯದು. ಅದೇ ಹೊತ್ತಿಗೆ ಕೆಲವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಏರುತ್ತದೆ, ಕೆಲವರಲ್ಲಿ ತುಂಬಾನೇ ಏರುತ್ತದೆ. ಎಲ್‌ಡಿಎಲ್ ಏರಿದರೂ ಪರವಾಗಿಲ್ಲ, ಟ್ರೈಗ್ಲಿಸರೈಡ್ ಇಳಿದರೆ ಸಾಕು ಅಂತ ಹೇಳುವ ವಿಡಿಯೋಗಳಿವೆ. ಅದನ್ನು ನಾನು ಒಪ್ಪುವುದಿಲ್ಲ. ಸಕ್ಕರೆ, ಬಿಪಿ ಎರಡೂ ಇರುವ 49 ವರ್ಷದವರಿಗೆ ಎಲ್‌ಡಿಎಲ್ ಕಡೆಗಣಿಸುವ ವಿಷಯವೇ ಅಲ್ಲ. ಹಾರ್ಟ್ ಅಟ್ಯಾಕ್ ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿಗೇ ಬರುತ್ತಿದೆ. ನಿಮ್ಮ ಅತ್ತೆ ಹೆದರುವುದರಲ್ಲಿ ಅರ್ಥ ಇದೆ.

ಇನ್ನೊಂದು ಅಧ್ಯಯನ ಇಲ್ಲಿ ಹೇಳಲೇಬೇಕು. 2018ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಬಂದದ್ದು. ಕಾರ್ಬ್ ಕಡಿಮೆ ಮಾಡಿ ಅದರ ಜಾಗಕ್ಕೆ ಮಾಂಸ, ಮಾಂಸದ ಕೊಬ್ಬು ತಂದವರಲ್ಲಿ ಸಾವಿನ ಅಪಾಯ ಹೆಚ್ಚು ಕಂಡಿತು. ಕಾಳು, ಬೀಜ, ತರಕಾರಿ ತಂದವರಲ್ಲಿ ಕಡಿಮೆ ಕಂಡಿತು. ಜನರ ಊಟವನ್ನು ವರ್ಷಗಟ್ಟಲೆ ಗಮನಿಸಿ ಬರೆದದ್ದು ಅದು. ಹಾಗಾಗಿ ಇದರಿಂದಲೇ ಹೀಗಾಯಿತು ಅಂತ ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ಆದರೂ ಅನ್ನ ತೆಗೆದ ಜಾಗಕ್ಕೆ ಏನು ಬರುತ್ತದೆ ಅನ್ನುವುದು ಸಣ್ಣ ವಿಷಯ ಅಲ್ಲ ಅಂತ ನನಗೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಆ ಜಾಗ ತುಂಬಿಸಲು ಕೊಡಗಿನಷ್ಟು ಅನುಕೂಲ ಇರುವ ಊರು ಬೇರೆ ಇಲ್ಲ. ಮಳೆಗಾಲದಲ್ಲಿ ನಿಮ್ಮ ಬೇಲಿ ಬದಿಯಲ್ಲೇ ತೆರ್ಮೆ ತೊಪ್ಪು (ಜರಿಗಿಡದ ಎಳೆ ಚಿಗುರು) ಚಿಗುರುತ್ತದೆ. ಬೈಂಬಳೆ (ಕಳಲೆ, ಎಳೆ ಬಿದಿರು) ಸಿಗುತ್ತದೆ. ಗುಡುಗು ಬಂದ ಮೇಲೆ ಕುಮ್ಮು (ಅಣಬೆ) ಏಳುತ್ತದೆ. ಈ ಮೂರರಲ್ಲೂ ಕಾರ್ಬ್ ಲೆಕ್ಕಕ್ಕೇ ಇಲ್ಲ ಅನ್ನುವಷ್ಟು ಕಡಿಮೆ, ನಾರಿನಂಶ ಚೆನ್ನಾಗಿದೆ. ಬೈಂಬಳೆಯನ್ನು ತೆಳ್ಳಗೆ ಹೆಚ್ಚಿ ನೀರಿನಲ್ಲಿ ನೆನೆಸಿಟ್ಟು, ನೀರು ಬದಲಾಯಿಸಿ, ಬೇಯಿಸಿಯೇ ತಿನ್ನುವ ಹಿರಿಯರ ಪದ್ಧತಿಯನ್ನು ಬಿಡಬೇಡಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಸ್ತು ಇರುತ್ತದೆ. ನೆನೆಸಿ ಬೇಯಿಸಿದಾಗ ಅದು ಹೋಗುತ್ತದೆ. ಕುಮ್ಮು ಗುರುತಿಸಲು ಬಾರದಿದ್ದರೆ ಬಲ್ಲವರು ತಂದದ್ದನ್ನು ಮಾತ್ರ ತಿನ್ನಿ. ಮಿಕ್ಕ ತಿಂಗಳುಗಳಲ್ಲಿ ಗೋಣಿಕೊಪ್ಪ ಸಂತೆಯ ಬೀನ್ಸ್, ಬದನೆ, ಹಾಗಲ, ಎಲೆಕೋಸು, ನುಗ್ಗೆ ಸೊಪ್ಪು ಇದ್ದೇ ಇದೆ. ಕೆಂಬು (ಕೆಸುವಿನ ಗೆಡ್ಡೆ), ಹಲಸಿನ ಬೀಜ, ಮರಗೆಣಸು ಮಾತ್ರ ತರಕಾರಿ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ತಿಂದ ದಿನ ಒಟ್ಟಿ ಒಂದು ಕಮ್ಮಿ ಮಾಡಿ.

ಆಮೇಲೆ ಬಟರ್ ಫ್ರೂಟ್. ಕಾಫಿ ಗಿಡಗಳ ಮಧ್ಯೆ ಈಗ ಎಷ್ಟೋ ತೋಟಗಳಲ್ಲಿ ಈ ಮರ ಇದೆ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ಇಷ್ಟಿದ್ದೂ ನಾವು ಹೆಚ್ಚಿನವರು ಇದನ್ನು ಲೋಡಿಗೆ ಹಾಕಿ ಕಳಿಸುತ್ತೇವೆ. ಮನೆಯಲ್ಲಿ ತಿಂದರೂ ಹಾಲು, ನಾಲ್ಕು ಚಮಚ ಸಕ್ಕರೆ ಹಾಕಿ ಜ್ಯೂಸ್ ಮಾಡುತ್ತೇವೆ. 100 ಗ್ರಾಂ ತಿರುಳಿನಲ್ಲಿ 15 ಗ್ರಾಂ ಕೊಬ್ಬು ಇದೆ, ಅದರಲ್ಲಿ ಬಹುಪಾಲು ಹೃದಯಕ್ಕೆ ಒಳ್ಳೆಯ ಮೋನೋ ಅನ್‌ಸ್ಯಾಚುರೇಟೆಡ್. ನಾರಿನಂಶ 6, 7 ಗ್ರಾಂ. ಸಕ್ಕರೆಯಾಗಿ ಬದಲಾಗುವ ಕಾರ್ಬ್ ಎರಡು ಗ್ರಾಂ ಅಷ್ಟೇ. ಅರ್ಧ ಹಣ್ಣಿನ ತಿರುಳು ತೆಗೆದು, ಕಾಂದಾರಿ ಮೆಣಸು, ಸಣ್ಣಗೆ ಹೆಚ್ಚಿದ ಈರುಳ್ಳಿ, ಉಪ್ಪು ಹಾಕಿ, ಒಂದು ಹೋಳು ನಿಂಬೆ ಹಿಂಡಿ ಕೈಯಲ್ಲೇ ಕಿವುಚಿ. ಒಳ್ಳೆಯ ಪಜ್ಜಿ ಆಗುತ್ತದೆ. ಒಂದು ಒಟ್ಟಿಗೆ ಅದನ್ನು ದಪ್ಪಗೆ ಹಚ್ಚಿಕೊಂಡು ಎರಡು ಮೊಟ್ಟೆ ಜೊತೆ ತಿಂದರೆ ಮಧ್ಯಾಹ್ನದವರೆಗೆ ಹಸಿವು ಕಾಡುವುದಿಲ್ಲ. ನಿಮ್ಮ ಡಯಟ್‌ನಲ್ಲಿ ಹೈ ಫ್ಯಾಟ್ ಅನ್ನುವ ಭಾಗ ಇದ್ದರೆ ಅದು ಇದರಿಂದ ಬರಲಿ. ಕಡಲೆಕಾಯಿಯಿಂದ, ಮತ್ತಿ (ಬೂತಾಯಿ) ಮೀನಿನಿಂದ ಬರಲಿ. ಮತ್ತಿ ಅಗ್ಗ ಅಂತ ಮೂಗು ಮುರಿಯಬೇಡಿ. ಒಮೆಗಾ 3 ಅದರಲ್ಲಿ ಇರುವಷ್ಟು ದುಬಾರಿ ಮೀನುಗಳಲ್ಲೂ ಸಾಮಾನ್ಯವಾಗಿ ಇರುವುದಿಲ್ಲ.

ಪಂದಿ ಕರಿ ವಾರಕ್ಕೆ ಒಂದೆರಡು ಸಲ ಸಾಕು. ಮಾಂಸ ತೆಗೆದುಕೊಳ್ಳುವಾಗ ಕೊಬ್ಬು ಕಮ್ಮಿ ಇರುವ ತುಂಡು ಕೇಳಿ. ಹಿಂದಿನ ದಿನವೇ ಮಾಡಿಟ್ಟರೆ ನಮ್ಮ ಚಳಿಗೆ ಮೇಲೆ ಬಿಳಿಯಾಗಿ ಕೊಬ್ಬು ಹೆಪ್ಪುಗಟ್ಟಿರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಚಮಚದಲ್ಲಿ ಎತ್ತಿ ತೆಗೆದು ಆಮೇಲೆ ಬಿಸಿ ಮಾಡಿ. ಕಾಚಂಪುಳಿಯ (ಹಣ್ಣಿನಿಂದ ಮಾಡುವ ಕಪ್ಪು ಹುಳಿರಸ) ಹುಳಿ, ಹುರಿದ ಮಸಾಲೆ ಎಲ್ಲ ಕೆಳಗೇ ಇರುತ್ತದೆ. ಮರುದಿನದ ಕರಿ ರುಚಿ ಅಂತ ನಾವೇ ಹೇಳುತ್ತೇವಲ್ಲ. ಕಾಚಂಪುಳಿ ಅಂದಾಗ ನೆನಪಾಯಿತು, ಅದೇ ಜಾತಿಯ ಹಣ್ಣಿನ ಸಾರವನ್ನು ಗಾರ್ಸಿನಿಯಾ ಅಂತ ತೂಕ ಇಳಿಸುವ ಕ್ಯಾಪ್ಸೂಲ್ ಮಾಡಿ ಮಾರುತ್ತಾರೆ. ಅದರಿಂದ ತೂಕ ಇಳಿಯುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ. ಕರಿಗೆ ಹಾಕುವ ಒಂದೆರಡು ಚಮಚ ಕಾಚಂಪುಳಿಗೂ ಆ ಕ್ಯಾಪ್ಸೂಲಿಗೂ ಸಂಬಂಧ ಇಲ್ಲ. ಕರಿಯದ್ದು ತಿನ್ನಿ, ಕ್ಯಾಪ್ಸೂಲ್ ಬೇಡ.

ಒಂದು ದಿನದ ಊಟ ಹೇಗಿರಬೇಕು ಅಂದರೆ, ಬೆಳಿಗ್ಗೆ ನಾನು ಮೇಲೆ ಹೇಳಿದ ಹಾಗೆ ಒಂದು ಒಟ್ಟಿ, ಎರಡು ಮೊಟ್ಟೆ, ತರಕಾರಿ. ಮಧ್ಯಾಹ್ನ ತಟ್ಟೆಯ ಅರ್ಧ ಭಾಗ ಪಲ್ಯ, ಕಾಲು ಭಾಗ ಮೀನೋ ಕೋಳಿಯೋ ಕಾಳೋ, ಉಳಿದ ಕಾಲು ಭಾಗ ಅನ್ನ. ಅಂದರೆ 100 ಗ್ರಾಂ ಆಸುಪಾಸು. ಮೊದಲು ಪಲ್ಯ ತಿನ್ನಿ, ಆಮೇಲೆ ಮಾಂಸ, ಕೊನೆಗೆ ಅನ್ನ. ಈ ಕ್ರಮ ಬದಲಾಯಿಸಿದರೂ ಊಟದ ನಂತರ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ರಾತ್ರಿ ಒಂದು ಕಡಂಬುಟ್ಟು ಅಥವಾ ಅಷ್ಟೇ ನೂಪುಟ್ಟು, ಜೊತೆಗೆ ಕರಿ, ಮೊಸರು. ಮಧ್ಯೆ ಹಸಿವಾದರೆ ಒಂದು ಹಿಡಿ ಕಡಲೆಕಾಯಿ. ಇಷ್ಟಕ್ಕೆ ಕಾಳು, ತರಕಾರಿ, ಮೊಸರಿನದ್ದೂ ಸೇರಿ 110, 120 ಗ್ರಾಂ ಕಾರ್ಬ್ ಆಗುತ್ತದೆ. ಅಂದಾಜು ಬೇಡ ಅಂದರೆ ಒಂದು ಅಡುಗೆ ತಕ್ಕಡಿ ತನ್ನಿ. ಕಡಂಬುಟ್ಟು ಮಾಡುವ ದಿನ ಅಕ್ಕಿ ತರಿಯನ್ನು ತೂಕ ಹಾಕಿ, ಎಷ್ಟು ಉಂಡೆ ಆಯಿತು ಎಣಿಸಿ. 600 ಗ್ರಾಂ ತರಿಗೆ ಇಪ್ಪತ್ತು ಉಂಡೆ ಬಂದರೆ ಒಂದೊಂದಕ್ಕೆ 30 ಗ್ರಾಂ ತರಿ, ಅಂದರೆ ಸುಮಾರು 23 ಗ್ರಾಂ ಕಾರ್ಬ್. ಒಂದು ಸಲ ಈ ಲೆಕ್ಕ ಕೈಗೆ ಸಿಕ್ಕರೆ ಆಮೇಲೆ ತಕ್ಕಡಿ ಬೇಡ.

ರಾಗಿ, ಕೆಂಪು ಅಕ್ಕಿ ತಿನ್ನಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ತಿನ್ನಬಹುದು, ನಾರಿನಂಶ ಸ್ವಲ್ಪ ಜಾಸ್ತಿ ಇದೆ. ಆದರೆ ಕಾರ್ಬ್ ಅಕ್ಕಿಗೆ ಹತ್ತಿರವೇ ಇದೆ. ರಾಗಿ ಅಂತ ಎರಡು ಮುದ್ದೆ ತಿಂದರೆ ಪ್ರಯೋಜನ ಇಲ್ಲ.

ಬೇರೆ ಅಡುಗೆ ಮಾಡಬೇಕಾ ಅನ್ನುವ ಚಿಂತೆ ನಿಮಗೆ ಇದ್ದೇ ಇರುತ್ತದೆ. ಬೇಡ. ಮನೆಯವರಿಗೆ ಮಾಡುವ ಅಡುಗೆಯೇ ನಿಮಗೂ. ಪಲ್ಯ ಮಾತ್ರ ಎರಡು ಪಟ್ಟು ಮಾಡಿ, ನಿಮ್ಮ ತಟ್ಟೆಗೆ ಒಟ್ಟಿ ಕಮ್ಮಿ ಹಾಕಿಕೊಳ್ಳಿ. ನಮ್ಮ ಅಜ್ಜಂದಿರು ಮೂರು ಹೊತ್ತು ಅಕ್ಕಿ ತಿಂದು ಗಟ್ಟಿಯಾಗಿರಲಿಲ್ಲವಾ ಅಂತ ಅತ್ತೆ ಕೇಳಬಹುದು. ಇದ್ದರು. ನಾಟಿ ಹೊತ್ತಿಗೆ ಇಡೀ ದಿನ ಗದ್ದೆಯ ಕೆಸರಿನಲ್ಲಿ ನಿಂತು, ತೋಟಕ್ಕೂ ಸಂತೆಗೂ ನಡೆದೇ ಹೋಗುತ್ತಿದ್ದರು. ಆ ಸ್ನಾಯುಗಳು ಅಷ್ಟೂ ಗ್ಲೂಕೋಸನ್ನು ಸುಟ್ಟು ಹಾಕುತ್ತಿದ್ದವು. ಈಗ ಎಷ್ಟು ಗದ್ದೆ ಪಾಳು ಬಿದ್ದಿದೆ ಅಂತ ಅತ್ತೆಗೇ ಗೊತ್ತಿದೆ. ನಾವು ಜೀಪಿನಲ್ಲಿ ಹೋಗುತ್ತೇವೆ, ಊಟ ಮಾತ್ರ ಅವರ ಕಾಲದ್ದೇ.

ಹಬ್ಬದ ದಿನ ಹಬ್ಬದ ಹಾಗೆ ಮಾಡಿ. ಕೈಲ್‌ಪೊಳ್ದ್‌ಗೆ ಎರಡು ಕಡಂಬುಟ್ಟು, ಕಕ್ಕಡ ಹದಿನೆಂಟಕ್ಕೆ ಒಂದು ಸಣ್ಣ ಬಟ್ಟಲು ಮದ್ದು ಪಾಯಸ. ಮದ್ದು ಸೊಪ್ಪು ಹಾಕಿದೆ ಅಂತ ಅದರ ಬೆಲ್ಲ, ಅಕ್ಕಿ ಸಕ್ಕರೆ ಏರಿಸದೇ ಇರುವುದಿಲ್ಲ, ಅದು ನೆನಪಿರಲಿ. ಮದುವೆ ಮನೆಯಲ್ಲಿ ಒಂದು ಎಚ್ಚರಿಕೆ. ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಡ್ರಿಂಕ್ಸ್ ತೆಗೆದುಕೊಂಡರೆ ಮಧ್ಯರಾತ್ರಿ ಸಕ್ಕರೆ ಬೀಳಬಹುದು. ವಿಸ್ಕಿಯಲ್ಲಿ ಕಾರ್ಬ್ ಇಲ್ಲ ಅಂತ ಲೋ ಕಾರ್ಬ್‌ಗೆ ಅದು ಸರಿ ಅಂತ ಹೇಳುವವರ ಮಾತು ಕೇಳಬೇಡಿ. ಮನೆಯಲ್ಲಿ ಮಾಡಿದ ವೈನಿನಲ್ಲಂತೂ ಸಕ್ಕರೆಯೇ ಜಾಸ್ತಿ.

ನಿಮ್ಮ ಡಾಕ್ಟರ ಹತ್ತಿರ ಹೋದಾಗ ಈ ಪರೀಕ್ಷೆಗಳನ್ನು ಕೇಳಿ ಮಾಡಿಸಿ. ಲಿಪಿಡ್ ಪ್ರೊಫೈಲ್, ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೂತ್ರದಲ್ಲಿ ಆಲ್ಬುಮಿನ್, ಯೂರಿಕ್ ಆಸಿಡ್. ಮೂತ್ರಪಿಂಡದಲ್ಲಿ ತೊಂದರೆ ಕಂಡರೆ ಪ್ರೋಟೀನ್ ಎಷ್ಟು ತಿನ್ನಬೇಕು ಅನ್ನುವ ಲೆಕ್ಕವೇ ಬದಲಾಗುತ್ತದೆ. ಕಣ್ಣಿನ ರೆಟಿನಾ ಪರೀಕ್ಷೆಯನ್ನೂ ಮಾಡಿಸಿ. ಆರು ವರ್ಷದ ಸಕ್ಕರೆ ಕಾಯಿಲೆಯಲ್ಲಿ ರೆಟಿನಾಗೆ ಹಾನಿ ಆಗಿದ್ದರೆ, ಸಕ್ಕರೆ ಒಮ್ಮೆಲೇ ತುಂಬಾ ಇಳಿದಾಗ ಅದು ಕೆಲವು ಕಾಲ ಜಾಸ್ತಿ ಆಗುವುದುಂಟು. ನಿಧಾನಕ್ಕೆ ಇಳಿಸೋಣ ಅಂತ ನಾನು ಹೇಳುವುದಕ್ಕೆ ಇದೂ ಕಾರಣ. ಮೂರು ತಿಂಗಳ ನಂತರ ಎಚ್‌ಬಿಎ1ಸಿ, ಲಿಪಿಡ್ ಮತ್ತೆ ನೋಡಿ. ಎಲ್‌ಡಿಎಲ್ ಏರಿದ್ದರೆ ಮೊದಲು ಬೆಣ್ಣೆ, ತೆಂಗಿನಕಾಯಿ, ಪಂದಿ ಕೊಬ್ಬು ಕಡಿಮೆ ಮಾಡಿ. ಒಟ್ಟಿಯನ್ನು ವಾಪಸ್ ಜಾಸ್ತಿ ಮಾಡಬೇಡಿ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬೇಕು ಅಂತ ಡಾಕ್ಟರು ಹೇಳಿದರೆ ತೆಗೆದುಕೊಳ್ಳಿ. ಡಯಟ್ ಮಾಡುತ್ತಿದ್ದೇನೆ ಅಂತ ಬೇಡ ಅನ್ನಬೇಡಿ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕೀಟೋ ಡಯಟ್ ಸುಮ್ನೆ ಶುರು ಮಾಡಬೇಡಿ. ರಕ್ತದಲ್ಲಿ ಆಮ್ಲ ಏರುವ ಕೀಟೋ ಅಸಿಡೋಸಿಸ್ ಬರಬಹುದು. ಆಗ ಗ್ಲೂಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಜಾಸ್ತಿ ತೋರಿಸದೇ ಇರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ, ಯಾವ ಡಯಟ್ ಅಂತ ಮೊದಲೇ ಹೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು, ಟೈಪ್ 1 ಇರುವವರು, ಬಸುರಿಯರು, ಹಾಲೂಡಿಸುವವರು, ಮೂತ್ರಪಿಂಡ ಅಥವಾ ಪಿತ್ತಕೋಶದ ತೊಂದರೆ ಇರುವವರು ತಮ್ಮಷ್ಟಕ್ಕೆ ತಾವೇ ಇದನ್ನು ಮಾಡುವ ಹಾಗಿಲ್ಲ.

ನಿಮ್ಮ ಯಜಮಾನರ ವಿಷಯ ಚಿಕ್ಕದು. ಸಕ್ಕರೆ ಇಲ್ಲ, ತೆಳ್ಳಗಿದ್ದಾರೆ, ತೋಟದಲ್ಲಿ ದುಡಿಯುತ್ತಾರೆ ಅಂದರೆ ಅವರಿಗೆ ಈ ಡಯಟ್ ಬೇಕಾಗಿಲ್ಲ. ತೆಳ್ಳಗಿರುವವರು ಕಾರ್ಬ್ ತೀರಾ ಕಡಿಮೆ ಮಾಡಿದಾಗಲೇ ಎಲ್‌ಡಿಎಲ್ ವಿಪರೀತ ಏರುವುದನ್ನು ಜಾಸ್ತಿ ನೋಡುತ್ತೇವೆ. ಆದರೆ ತೆಳ್ಳಗಿದ್ದೂ ಹೊಟ್ಟೆ ಮಾತ್ರ ಮುಂದೆ ಬಂದಿದ್ದರೆ ಅವರಿಗೂ ಒಂದು ಎಚ್‌ಬಿಎ1ಸಿ ಮಾಡಿಸಿ. ಅದು 5.7ಕ್ಕಿಂತ ಕೆಳಗಿದ್ದರೆ ಬೆಲ್ಲದ ಕಾಪಿ ಎರಡು ಲೋಟಕ್ಕೆ ಇಳಿಸಿ, ಪಲ್ಯ ಇನ್ನೊಂದು ಸೌಟು ಜಾಸ್ತಿ ಬಡಿಸಿ. ಒಟ್ಟಿ ಅವರಿಗೆ ಎಂದಿನ ಹಾಗೇ ಇರಲಿ.